ರತ್ನತ್ತೆಯ ಶನಿವಾರದ ಡಬ್ಬಿಗಳು

ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ರತ್ನತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದರು. ಆಮೇಲೆ ಮುಚ್ಚಳವನ್ನು ಬೆರಳಗಲ ಎತ್ತಿ ಮೂಸುತ್ತಿದ್ದರು. ಕೊನೆಗೆ ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು. ಆ ತೀರ್ಪು ಒಳಗಿರುವ ಪಲ್ಯದ ಬಗ್ಗೆ ಅಲ್ಲ, ಅದನ್ನು ಮಾಡಿದ ಮನೆಯ ಬಗ್ಗೆ.

"ಒಗ್ಗರಣೆ ಸೀದಿದೆ. ಅತ್ತೆ ಸೊಸೆ ಮಾತಾಡ್ತಿಲ್ಲ."

"ಉಪ್ಪು ಕಮ್ಮಿ. ಯಜಮಾನ್ರಿಗೆ ಬಿಪಿ ಬಂದಿದೆ, ನಮ್ಮಿಂದ ಮುಚ್ಚಿಟ್ಟಿದಾರೆ."

ರತ್ನತ್ತೆ ನನ್ನ ಅಪ್ಪನ ತಂಗಿ. ಮನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಕ್ರಾಸಿನಲ್ಲಿ. ಮಾವ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಹುಬ್ಬಳ್ಳಿ ಸೇರಿದ್ದಳು. ಅತ್ತೆ ಕುಳ್ಳಗೆ, ದುಂಡಗೆ ಇದ್ದರು. ನಡಿಗೆ ಮಾತ್ರ ಬಸ್ಸು ತಪ್ಪಿಹೋಗುತ್ತಿರುವವರದು. ಶನಿವಾರ ಬೆಳಿಗ್ಗೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಹಸಿರು ವೈರ್ ಬುಟ್ಟಿಯಲ್ಲಿ ಸ್ಟೀಲ್ ಡಬ್ಬಿಗಳನ್ನು ಜೋಡಿಸಿಕೊಂಡು ಹೊರಟರೆ ಕತ್ತಲಾಗುವ ಹೊತ್ತಿಗೆ ಮನೆ ಸೇರುತ್ತಿದ್ದರು.

ನಮ್ಮಲ್ಲಿ ಬೇರೆ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನಾದರೂ ಮಾಡಿ ತುಂಬಿಸಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಉಳಿದವರಿಗೆ ಇದು ಒಂದು ಸಂಪ್ರದಾಯ. ರತ್ನತ್ತೆಗೆ ಗುಪ್ತಚರ ಇಲಾಖೆ. ಅವರು ವಾರಕ್ಕೊಮ್ಮೆ ಪೂರ್ವ ಬೆಂಗಳೂರಿನ ನೆಂಟರ ಮನೆಗಳಿಗೆ ಒಂದೊಂದು ತುಂಬಿದ ಡಬ್ಬಿ ಕೊಟ್ಟು, ಹಿಂದಿನ ವಾರದ್ದನ್ನು ತುಂಬಿಸಿಕೊಂಡು ಬರುತ್ತಿದ್ದರು. "ನಾನು ಯಾರ ಮನೆ ವಿಷ್ಯಕ್ಕೂ ಹೋಗೋಳಲ್ಲ" ಎನ್ನುವುದು ಅವರ ಮಾತು. ಹೋಗುವ ಅಗತ್ಯವೂ ಇರಲಿಲ್ಲ. ವಿಷಯಗಳೇ ಡಬ್ಬಿಯಲ್ಲಿ ಕೂತು ಬರುತ್ತಿದ್ದವು.

ಒಮ್ಮೆ ಕೆ.ಆರ್. ಪುರದಲ್ಲಿದ್ದ ನನ್ನ ದೊಡ್ಡಪ್ಪನ ಮಗಳು ಶೋಭಾ ಡಬ್ಬಿಗೆ ಸಕ್ಕರೆ ಹಾಕಿ ಕೊಟ್ಟಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. "ಒಲೆ ಹಚ್ಚಿಲ್ಲ ಅಂದ್ರೆ ಗಂಡ ಹೆಂಡ್ತಿ ಮಾತು ಬಿಟ್ಟಿದಾರೆ" ಎಂದು ಅತ್ತೆ ಊರಿಗೆ ಫೋನ್ ಮಾಡಿದರು. ಭಾನುವಾರ ಬೆಳಿಗ್ಗೆಯೇ ದೊಡ್ಡಪ್ಪ, ದೊಡ್ಡಮ್ಮ ಬಸ್ಸಿಳಿದು ರಾಜಿ ಮಾಡಿಸಲು ಕೂತರು.

"ಅಪ್ಪಾ, ಸಿಲಿಂಡರ್ ಖಾಲಿಯಾಗಿತ್ತು ಅಷ್ಟೆ!" ಎಂದಳು ಶೋಭಾ.

ಅವಳ ಗಂಡನಿಗೆ ಆ ಸಮಜಾಯಿಷಿ ಸಾಲಲಿಲ್ಲ. "ನಿಮ್ಮನೆಯವರಿಗೆ ನನ್ನ ಬಗ್ಗೆ ಏನು ಹೇಳಿದ್ದೆ?"

"ಏನೂ ಹೇಳಿಲ್ಲ ರೀ."

"ಏನೂ ಹೇಳ್ದೆ ಅಷ್ಟು ದೂರದಿಂದ ಬಂದ್ಬಿಟ್ರಾ?"

ಆ ವಾರವೆಲ್ಲ ಗಂಡ ಹೆಂಡತಿ ನಿಜವಾಗಿಯೂ ಮಾತು ಬಿಟ್ಟರು. ಸುದ್ದಿ ತಿಳಿದ ಅತ್ತೆ, "ನಾನು ಮೊದಲೇ ಹೇಳ್ಲಿಲ್ವಾ?" ಎಂದರು.

ನಾನು ಈ ಇಲಾಖೆಯ ವ್ಯಾಪ್ತಿಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ತಿಪಟೂರಿನಿಂದ ಬಂದು ಒಂದು ದಿನಪತ್ರಿಕೆಯ ಡೆಸ್ಕಿಗೆ ಸೇರಿ, ಹಲಸೂರಿನ ಪಕ್ಕದ ಜೋಗುಪಾಳ್ಯದಲ್ಲಿ ಒಂದು ಕೋಣೆ ಹಿಡಿದಿದ್ದೆ. ಒಬ್ಬಳೇ ಇರುವುದಕ್ಕೆ ಅಪ್ಪ ಒಪ್ಪಿದ್ದು ರತ್ನತ್ತೆಯ ಜಾಮೀನಿನ ಮೇಲೆ. ಅತ್ತೆಯ ಸಿದ್ಧಾಂತ ಸರಳವಾಗಿತ್ತು: "ಮನೇಲಿ ಬೇಯಿಸ್ಕೊಂಡು ತಿನ್ನೋ ಹುಡುಗಿ ಕೆಡಲ್ಲ." ನಾನು ಬೇಯಿಸುತ್ತಿದ್ದೇನೆಯೇ ಎಂಬುದಕ್ಕೆ ಡಬ್ಬಿ ಸಾಕ್ಷಿ. ಅದು ಕೆಟ್ಟರೆ ಕೆಲಸ ಬಿಟ್ಟು ಊರಿಗೆ ಹೋಗಬೇಕು. ಅಲ್ಲಿ ಗಂಡು ನೋಡುವ ಕಾರ್ಯಕ್ರಮ ಸಿದ್ಧವಾಗಿತ್ತು. ನನ್ನ ವಾರದ ರಜೆ ಶನಿವಾರ. ಡೆಸ್ಕಿನ ಗೆಳತಿಯರು ಮೇಕೆದಾಟು, ಶಿವನಸಮುದ್ರ ಎಂದು ಹೊರಟಾಗ ನಾನು ಸೀಮೆಎಣ್ಣೆ ಸ್ಟವ್ ಮುಂದೆ ಕೂತು ಸಾಕ್ಷ್ಯ ತಯಾರಿಸುತ್ತಿದ್ದೆ.

ಅತ್ತೆಯ ಜೊತೆಗೂ ಒಮ್ಮೆ ಪ್ರವಾಸ ಹೋದದ್ದುಂಟು. ಬಾಡಿಗೆ ವ್ಯಾನಿನಲ್ಲಿ ನೆಂಟರೆಲ್ಲ ಸೇರಿ ನಂದಿಬೆಟ್ಟಕ್ಕೆ. ಹೊಟೇಲಿನಲ್ಲಿ ತಿನ್ನುವುದು ಗತಿಯಿಲ್ಲದವರ ಲಕ್ಷಣ ಎಂದು ಎಲ್ಲರೂ ಬುತ್ತಿ ತಂದಿದ್ದರು. ಬೆಟ್ಟ ಹತ್ತಿದ ಕೂಡಲೇ ವ್ಯಾನಿನೊಳಗೇ ಎಲೆ ಹಾಸಲಾಯಿತು. ಹೊರಗೆ ಕೋತಿಗಳ ಕಾಟ. ನಾನು ಸ್ವಲ್ಪ ಸುತ್ತಾಡಿ ಬರುತ್ತೇನೆ ಎಂದಾಗ ಅತ್ತೆ ತಡೆದರು: "ಜಾಗ ಎಲ್ಲೂ ಓಡಿಹೋಗಲ್ಲ ಕಣೆ, ಅನ್ನ ಆರೋಗುತ್ತೆ." ಊಟ, ಎಲೆ ತೆಗೆಯುವುದು, ಡಬ್ಬಿಗಳ ಒಡೆತನದ ವಿವಾದ ಎಲ್ಲ ಮುಗಿಯುವಷ್ಟರಲ್ಲಿ ಮೋಡ ಮುಚ್ಚಿ ಬೆಟ್ಟ ಕಾಣದಾಯಿತು. ಹೊರಡುವಾಗ ನೋಡಿದರೆ ಅತ್ತೆ ಒಬ್ಬರೇ ಕಲ್ಲುಗೋಡೆಯ ಹತ್ತಿರ ಹೋಗಿ ಏನೂ ಕಾಣದ ಕಣಿವೆಯ ಕಡೆ ನೋಡುತ್ತ ನಿಂತಿದ್ದರು. ಮಾವ ವ್ಯಾನಿನಿಂದ ಮೂರು ಸಲ ಕೂಗಿದ ಮೇಲೆ ಬಂದರು. "ಟ್ರಿಪ್ ಚೆನ್ನಾಗಾಯ್ತು, ಪುಳಿಯೋಗರೆ ಉಳೀಲೇ ಇಲ್ಲ" ಎಂದು ಹಿಂದಿನ ಸೀಟಿನಿಂದ ಯಾರೋ ವರದಿ ಮಾಡಿದರು.

ನನ್ನ ಕೇಸು ಕೆಟ್ಟದ್ದು ಒಂದು ಹಾಗಲಕಾಯಿ ಗೊಜ್ಜಿನಿಂದ. ಗೊಜ್ಜು ಕುದಿಯುವಾಗ ಬೆಲ್ಲ ಮುಗಿದಿರುವುದು ಗೊತ್ತಾಯಿತು. ರಂಜಾನ್ ಸಮಯ; ಡೆಸ್ಕಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಫ್ರೇಜರ್ ಟೌನಿನ ನಸ್ರೀನ್ ಒಂದು ಪೊಟ್ಟಣ ಖರ್ಜೂರ ಕೊಟ್ಟಿದ್ದಳು. ಸಿಹಿ ಸಿಹಿಯೇ ಎಂದುಕೊಂಡು ಅದನ್ನೇ ಅರೆದು ಹಾಕಿದೆ.

ಅತ್ತೆ ಮುಚ್ಚಳ ಎತ್ತಿದರು. "ಇದೇನೇ ಇದು? ಹಾಗಲಕಾಯಿಗೆ ಖರ್ಜೂರ?"

"ಬೆಲ್ಲ ಇರ್ಲಿಲ್ಲ ಅತ್ತೆ. ಅಪ್ಪಂಗೆ ಹೇಳ್ಬೇಡಿ."

"ಹೇಳ್ದೆ ಇರಕ್ಕಾಗುತ್ತಾ? ನನ್ನ ನಂಬ್ಕೊಂಡು ನಿನ್ನ ಬಿಟ್ಟಿದಾನೆ" ಎಂದು ಡಬ್ಬಿಯನ್ನು ಬುಟ್ಟಿಗೆ ಹಾಕಿ, ತಾವು ತಂದ ಬದನೆಕಾಯಿ ಎಣ್ಣೆಗಾಯಿಯ ಡಬ್ಬಿ ನನ್ನ ಮುಂದೆ ಇಟ್ಟರು. "ಇದನ್ನ ತಿಂದು ನೋಡು. ಬೆಳಗಿನ ಜಾವ ಎದ್ದು ಮಸಾಲೆ ಹುರಿದಿದೀನಿ. ಅಡುಗೆ ಅಂದ್ರೆ ಹೀಗಿರ್ಬೇಕು."

ಮರುದಿನ ಬೆಳಿಗ್ಗೆ ಮನೆ ಮಾಲೀಕರ ಫೋನಿಗೆ ಅಪ್ಪನ ಕರೆ ಬಂತು. "ಬೆಲ್ಲ ತರಕ್ಕೂ ಪುರುಸೊತ್ತಿಲ್ಲದ ಕೆಲಸ ಯಾಕಮ್ಮ? ಯುಗಾದಿಗೆ ಬಂದ್ಬಿಡು. ಬಟ್ಟೆಬರೆ ಎಲ್ಲಾ ತಗೊಂಡೇ ಬಾ. ಕಡೂರಲ್ಲಿ ಒಂದು ಗಂಡು ನೋಡಿದೀವಿ."

ಅಪ್ಪನ ಮುಂದೆ ಮಾತಾಡಬಲ್ಲವರನ್ನು ಹುಡುಕಿಕೊಂಡು ನಾನು ಇಂದಿರಾನಗರದ ಸುಧಾಳ ಮನೆಗೆ ಹೋದೆ. ಸುಧಾ ಮಾವನ ಅಕ್ಕನ ಮಗಳು. ದೊಡ್ಡ ಮನೆ, ಬಾಗಿಲಲ್ಲಿ ಕಾರು, ಹಾಗಾಗಿ ಅವಳ ಮಾತಿಗೆ ನಮ್ಮ ಕಡೆ ತೂಕವಿತ್ತು. ಊಟದ ಹೊತ್ತಾಗಿತ್ತು, ಮೊದಲು ಊಟ ಮಾಡು ಎಂದಳು. ತಟ್ಟೆಯ ಮೂಲೆಗೆ ಒಂದು ಚಮಚ ಕಪ್ಪು ಗೊಜ್ಜು ಬಿತ್ತು.

"ತಿಂದು ನೋಡು, ರತ್ನತ್ತೆ ಮಾಡಿದ್ದು. ಖರ್ಜೂರ ಹಾಕಿದಾರೆ! ನಮಗೆಲ್ಲ ಹೊಳೆಯುತ್ತಾ? ಅವರ ಕೈನೇ ಬೇರೆ."

ನಾನು ತಿಂದೆ. ಉಪ್ಪು ಸ್ವಲ್ಪ ಮುಂದಿತ್ತು. ನನ್ನದೇ.

ಡೆಸ್ಕಿನಲ್ಲಿ ಒಂದೇ ಮೂಲವನ್ನು ನಂಬಿ ಸುದ್ದಿ ಮಾಡುವಂತಿಲ್ಲ. ಮೂಲೆಯ ಎಸ್‌ಟಿಡಿ ಬೂತಿನಿಂದ ಶೋಭಾಗೆ ಫೋನ್ ಮಾಡಿದೆ. "ನಿನ್ನೆ ಅತ್ತೆಗೆ ಏನು ತುಂಬಿಸಿ ಕೊಟ್ಟೆ?"

"ಎಣ್ಣೆಗಾಯಿ. ಯಾಕೆ, ಸೀದಿತ್ತಂತಾ?"

ಅಲ್ಲಿಗೆ ಚಿತ್ರ ಪೂರ್ತಿಯಾಯಿತು. ಸುದ್ದಿಸಂಸ್ಥೆಯೊಂದು ಒಬ್ಬರ ವರದಿಯನ್ನು ಇನ್ನೊಬ್ಬರಿಗೆ ತನ್ನ ಹೆಸರಿನಲ್ಲಿ ರವಾನಿಸುವಂತೆ, ಶೋಭಾಳ ಅಡುಗೆ ಅತ್ತೆಯ ಹೆಸರಿನಲ್ಲಿ ನನ್ನ ಕೋಣೆಗೆ ಬರುತ್ತಿತ್ತು. ನನ್ನದು ಸುಧಾಳ ಮನೆಗೆ ಹೋಗುತ್ತಿತ್ತು. ಸುಧಾಳದ್ದು ಮಾವನ ರಾತ್ರಿಯೂಟವಾಗುತ್ತಿತ್ತು. ಸುಧಾಳ ಮನೆಯಲ್ಲಿ ಅಡುಗೆಯವಳಿದ್ದಳು, ಅದನ್ನು ಸುಧಾ ಯಾರಿಗೂ ಹೇಳುತ್ತಿರಲಿಲ್ಲ. ಇಡೀ ಕುಟುಂಬವೇ ಹೊಗಳುತ್ತಿದ್ದ ಕೈರುಚಿಯ ಸ್ಥಿತಿ ಇದು.

ನೇರ ತಿಪ್ಪಸಂದ್ರಕ್ಕೆ ಹೋದೆ. ಮಾವ ಸೆಕೆಂಡ್ ಶಿಫ್ಟಿನಲ್ಲಿದ್ದರು. ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಗ್ಯಾಸ್ ಒಲೆ ಅಂಗಡಿಯಿಂದ ಆಗ ತಾನೇ ತಂದಂತೆ ಹೊಳೆಯುತ್ತಿತ್ತು.

"ಅತ್ತೆ, ಎಣ್ಣೆಗಾಯಿಗೆ ಮಸಾಲೆ ಯಾವಾಗ ಹುರಿದ್ರಿ?"

"ಬೆಳಗಿನ ಜಾವ. ಹೇಳಿದ್ನಲ್ಲ."

"ಶೋಭಾ ಮನೇಲಾ?"

ಅತ್ತೆ ಲೋಟ ಕೆಳಗಿಟ್ಟರು. ನಾನು ಸಿಟ್ಟನ್ನೋ ಅಳುವನ್ನೋ ನಿರೀಕ್ಷಿಸಿದ್ದೆ. ಅವರು ಹೊಟ್ಟೆ ಅಲ್ಲಾಡುವಂತೆ ನಕ್ಕರು. "ಪೇಪರಿನೋರ ಬುದ್ಧಿ ತೋರಿಸ್ಬಿಟ್ಟೆ ನೋಡು! ಮೂವತ್ತು ವರ್ಷ ಬೇಯಿಸಿದೀನಿ ಕಣೆ. ನಿಮ್ಮ ಮಾವ ಒಂದಿನ ಚೆನ್ನಾಗಿದೆ ಅಂದಿಲ್ಲ. ಈಗ ಊರವರದ್ದನ್ನ ಬಡಿಸ್ತೀನಿ, ಅದನ್ನೂ ಅನ್ನಲ್ಲ. ಮತ್ತೆ ನಾನ್ಯಾಕೆ ಒಲೆ ಮುಂದೆ ಬೇಯ್ಲಿ?"

"ಶೋಭಾಗೆ ಕೊಡೋದು ಯಾರದ್ದು?"

"ಮಾರ್ಕೆಟ್ ರೋಡಲ್ಲಿ ಪಲ್ಯ, ಗೊಜ್ಜು ಮಾರೋ ಕಾಂಡಿಮೆಂಟ್ಸ್ ಅಂಗಡಿ ಇಲ್ವಾ? ಅವಳಿಗೆ ರುಚಿ ತಿಳಿಯೋ ನಾಲಿಗೆ ಇಲ್ಲ ಬಿಡು."

ಮೂರು ಮನೆಗೆ ಡಬ್ಬಿ ಹಂಚಲು ಇಡೀ ದಿನ ಬೇಕಿಲ್ಲ. ಅದನ್ನೂ ಕೇಳಿದೆ. ಅತ್ತೆ ಸೆರಗಿನಿಂದ ಒಲೆಯ ಮೇಲಿಲ್ಲದ ಧೂಳು ಒರೆಸಿದರು.

"ಬಸ್ ಹತ್ತೋದು. ಶಿವಾಜಿನಗರದಲ್ಲಿ ಇಳಿಯೋದು. ಅಲ್ಲಿ ಯಾವುದು ಖಾಲಿ ನಿಂತಿರುತ್ತೋ ಅದಕ್ಕೆ ಹತ್ತೋದು. ಲಾಸ್ಟ್ ಸ್ಟಾಪಲ್ಲಿ ಟೀ ಕುಡಿದು, ಸುತ್ತ ನೋಡ್ಕೊಂಡು, ಅದೇ ಬಸ್ಸಲ್ಲಿ ವಾಪಸ್. ಹೋದ್ವಾರ ಒಂದು ಕೆರೆ ಸಿಕ್ತು. ಹೆಸರು ಗೊತ್ತಿಲ್ಲ. ಏನು ಚೆನ್ನಾಗಿತ್ತು ಅಂತೀಯ!"

"ಮಾವಂಗೆ ಹೇಳಿ ಹೋಗ್ಬೋದಲ್ಲ?"

"ಸುಮ್ನೆ ಹೋಗಿ ಬರ್ತೀನಿ ಅಂದ್ರೆ ಯಾಕೆ ಅಂತಾರೆ. ಡಬ್ಬಿ ಕೊಡಕ್ಕೆ ಹೋಗ್ತೀನಿ ಅಂದ್ರೆ ಪೇಪರಿಂದ ತಲೆ ಎತ್ತಲ್ಲ."

ನಾನು ಬೆದರಿಕೆ ಹಾಕಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದೆ, ಅಷ್ಟೆ. "ಯುಗಾದಿಗೆ ನಾನು ಊರಿಗೆ ಹೋಗ್ಬಿಟ್ರೆ ಸುಧಾ ಮನೆಗೆ ಏನು ತಗೊಂಡು ಹೋಗ್ತೀರಿ?"

ಅತ್ತೆ ಇದನ್ನು ಯೋಚಿಸಿರಲಿಲ್ಲ. ಶೋಭಾಳ ಮನೆಯ ಡಬ್ಬಿಯನ್ನೇ ಸುಧಾಗೆ ದಾಟಿಸಬಹುದಿತ್ತು. ಆದರೆ ಶೋಭಾಳ ಅಡುಗೆಗೆ ಎಣ್ಣೆ ಜಾಸ್ತಿ, ಸುಧಾಗೆ ಅದು ಆಗುವುದಿಲ್ಲ. ಕಾಂಡಿಮೆಂಟ್ಸ್ ಅಂಗಡಿಯ ರುಚಿ ಅವಳಿಗೆ ಗೊತ್ತು. ಕಾಫಿ ಆರುವವರೆಗೆ ಲೆಕ್ಕ ಹಾಕಿ, ಎದ್ದು ಹೋಗಿ ಫೋನ್ ಎತ್ತಿಕೊಂಡರು.

"ಅಣ್ಣಾ, ಖರ್ಜೂರದ ವಿಷ್ಯ. ಅದು ನಾನೇ ಹೇಳ್ಕೊಟ್ಟಿದ್ದು. ಈಗಿಲ್ಲಿ ಇಂದಿರಾನಗರದ ದೊಡ್ಡ ಮನೆಗಳಲ್ಲೆಲ್ಲ ಹಂಗೇ ಮಾಡೋದು. ಹುಡುಗಿ ಕೈ ಈಗ ಕುದುರ್ತಾ ಇದೆ, ಮಧ್ಯದಲ್ಲಿ ಕರ್ಕೊಂಡು ಹೋಗಿ ಕೆಡಿಸ್ಬೇಡ."

ಕಡೂರಿನ ಗಂಡಿಗೆ ಬೇರೆ ಕಡೆ ಮದುವೆಯಾಯಿತು. ಶುಕ್ರವಾರವೇ ಡಬ್ಬಿ ತುಂಬಿಸಿ ಮಾಲೀಕರ ಮನೆಯಲ್ಲಿಟ್ಟು ನಾನೂ ಶನಿವಾರ ಗೆಳತಿಯರ ಜೊತೆ ಹೊರಡತೊಡಗಿದೆ. ಇಬ್ಬರ ಪ್ರವಾಸಗಳೂ ಡಬ್ಬಿಯ ಆಶ್ರಯದಲ್ಲಿ ಕೆಲವು ವರ್ಷ ಸುಗಮವಾಗಿ ನಡೆದವು.

ಆಮೇಲೆ ಮಾವ ನಿವೃತ್ತರಾದರು. ನಿವೃತ್ತಿಯ ಮೊದಲ ಶನಿವಾರವೇ, "ನೀನ್ಯಾಕೆ ಬಸ್ಸಲ್ಲಿ ಒದ್ದಾಡ್ತೀಯ, ನಾನೇ ಬಿಡ್ತೀನಿ" ಎಂದು ಸ್ಕೂಟರ್ ತೆಗೆದರು. ಇಷ್ಟು ವರ್ಷ ಹೆಂಡತಿಗೆ ಕೊಟ್ಟ ತೊಂದರೆಗೆ ಇದು ಪರಿಹಾರ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಪ್ರತಿ ಗೇಟಿನ ಮುಂದೆ ಎಂಜಿನ್ ಆರಿಸದೆ ಕಾಯುತ್ತಿದ್ದರು. ಊಟದ ಹೊತ್ತಿಗಿಂತ ಮೊದಲೇ ಎಲ್ಲ ಡಬ್ಬಿಗಳೂ ಹಂಚಿ ಮುಗಿದು ಅತ್ತೆ ಮನೆ ಸೇರಿರುತ್ತಿದ್ದರು. ಮುಚ್ಚಳ ಎತ್ತಿ ಮೂಸುವುದನ್ನೂ ಬಿಟ್ಟರು. ಯಾರ ಮನೆಯಲ್ಲಿ ಯಾರು ಮಾತು ಬಿಟ್ಟರು ಎನ್ನುವುದು ನಮ್ಮ ವಂಶಕ್ಕೆ ತಿಳಿಯದಾಯಿತು.

ಒಂದು ಶನಿವಾರ ಸ್ಕೂಟರಿನ ಸದ್ದು ಕೆಳಗೆ ಕೇಳುತ್ತಿರುವಾಗ ಅತ್ತೆ ಏದುಸಿರು ಬಿಡುತ್ತ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ನಿನಗೆ ಇನ್ನೂ ಅಡುಗೆ ಬರಲ್ಲ ಅಂತ ನಿಮ್ಮ ಮಾವಂಗೆ ಹೇಳಿದೀನಿ."

"ಯಾಕತ್ತೆ? ಕುದುರಿದೆ ಅಂತ ನೀವೇ ಹೇಳಿದ್ರಲ್ಲ?"

"ಕಲಿಸ್ಬೇಕಲ್ಲ, ಪೆದ್ದಿ. ಶನಿವಾರ ಬೆಳಗ್ಗೆಯಿಂದ ಸಾಯಂಕಾಲದವರೆಗೂ."

ಅಂದಿನಿಂದ ಮಾವ ಅತ್ತೆಯನ್ನು ಜೋಗುಪಾಳ್ಯದಲ್ಲಿ ಇಳಿಸಿ ಹೋಗುವರು. ಸ್ಕೂಟರ್ ತಿರುವಿನಲ್ಲಿ ಮರೆಯಾದ ಕೂಡಲೇ ಅತ್ತೆ ಹಲಸೂರಿನ ಬಸ್ ಸ್ಟಾಪಿಗೆ ನಡೆಯುವರು. ಆ ಹೊತ್ತಿಗೆ ನನ್ನ ಕೈಗೆ ಮೊಬೈಲ್ ಬಂದಿತ್ತು. ಮಾವ ಫೋನ್ ಮಾಡಿ "ರತ್ನ ಇದಾಳಾ?" ಎಂದರೆ, "ಇದಾರೆ ಮಾವ, ಕೈ ಹಿಟ್ಟಾಗಿದೆ" ಎನ್ನುತ್ತಿದ್ದೆ. ಆಫೀಸಿನಲ್ಲಿ ಪರಿಶೀಲಿಸದೆ ಒಂದು ಸಾಲನ್ನೂ ಅಚ್ಚಿಗೆ ಬಿಡುತ್ತಿರಲಿಲ್ಲ. ಈ ಸುಳ್ಳನ್ನು ಮಾತ್ರ ಪ್ರತಿ ವಾರ ಬಿಡುತ್ತಿದ್ದೆ. ಒಮ್ಮೆ ಅವರು ಫೋನ್ ಮಾಡಿದಾಗ ನಾನೇ ಶಿವನಸಮುದ್ರದಲ್ಲಿದ್ದೆ.

"ಅದೇನಮ್ಮ ಅಷ್ಟು ಸದ್ದು?"

"ಮಿಕ್ಸಿ ಮಾವ."

"ಹೊಸದು ತಗೊಳ್ಳಿ" ಎಂದು ಫೋನ್ ಇಟ್ಟರು.

ರತ್ನತ್ತೆ ಹೋದದ್ದು ಒಂದು ಸಣ್ಣ ಜ್ವರಕ್ಕೆ, ನಾವ್ಯಾರೂ ಗಂಭೀರ ಎಂದುಕೊಳ್ಳುವ ಮೊದಲೇ. ವೈಕುಂಠ ಸಮಾರಾಧನೆಯ ದಿನ ತಿಪ್ಪಸಂದ್ರದ ಮನೆ ತುಂಬಿತ್ತು. ಅತ್ತೆಯ ಹಾಗೆ ಅಡುಗೆ ಮಾಡುವವರು ಇನ್ನು ಹುಟ್ಟುವುದಿಲ್ಲ ಎಂದು ಶೋಭಾ ಅತ್ತಳು, ಸುಧಾ ಹೌದೆಂದಳು. ಅವರಿಬ್ಬರೂ ಹೊಗಳುತ್ತಿದ್ದದ್ದು ಯಾರ ಯಾರ ಅಡುಗೆಯನ್ನು ಎಂದು ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನೆ ಪಂಕ್ತಿಯಲ್ಲಿ ನೀರು ಬಡಿಸಿದೆ.

ಎಲ್ಲರೂ ಹೊರಟ ಮೇಲೆ ಮಾವ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಬರುತ್ತೇನೆ ಎಂದು ಹೇಳಲು ಹೋದೆ.

"ಅಷ್ಟು ವರ್ಷ ಕಲಿಸಿದಳಲ್ಲಮ್ಮ ನಿನಗೆ. ಈಗ ಬರುತ್ತಾ ಅಡುಗೆ?"

"ಸುಮಾರಾಗಿ ಬರುತ್ತೆ ಮಾವ."

"ಸುಮಾರಾಗಿ ಬರೋದಕ್ಕೆ ಅಷ್ಟು ಶನಿವಾರ ಬೇಕಾಯ್ತಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅತ್ತೆಗೆ ಬೇಕಾಗಿತ್ತು ಮಾವ" ಎಂದೆ.