ಬಿಸಿ ಭತ್ತದ ಅಳತೆ

ಪಿಯುಸಿ ಮುಗಿದ ಬೇಸಿಗೆಯಲ್ಲಿ ಬಾದನಹಟ್ಟಿಯ ನಮ್ಮ ಮನೆಯಲ್ಲಿ ದಿನಾ ಒಂದೇ ಪ್ರಶ್ನೆ: ಕೆಲಸಕ್ಕೆ ಸೇರುತ್ತೀಯೋ, ಕಾಲೇಜಿಗೆ ಸೇರುತ್ತೀಯೋ? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಎರಡೂ" ಅಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು ಅದು. ಅಂಥದ್ದೊಂದು ಕೋರ್ಸು ನಿಜಕ್ಕೂ ಇದೆ ಅಂತ ಆಮೇಲೆ ಗೊತ್ತಾಯಿತು. ಬಳ್ಳಾರಿಯ ಕಾಲೇಜೊಂದರಲ್ಲಿ ಆಹಾರ ಸಂಸ್ಕರಣೆಯ ಪದವಿ. ವಾರಕ್ಕೆ ಮೂರು ದಿನ ಪಾಠ, ಮೂರು ದಿನ ಸಂಬಳದ ಕೆಲಸ. ಕೆಲಸದ ಜಾಗದಲ್ಲಿ ಕಲಿತದ್ದಕ್ಕೂ ಅಂಕ ಕೊಡುತ್ತಾರೆ, ಅಲ್ಲಿ ಫೇಲಾದರೆ ಪದವಿಯೂ ಇಲ್ಲ.

"ಎರಡು ದೋಣ್ಯಾಗ ಕಾಲಿಟ್ಟೋರು ಏನಾಗ್ತಾರ ಗೊತ್ತೈತಿಲ್ಲ?" ಅಂದಳು ಅವ್ವ.

"ಈಜಾಕ ಕಲೀತಾರ" ಅಂದೆ.

ಅವ್ವ ನಕ್ಕಳು. ನಕ್ಕಳೆಂದರೆ ಒಪ್ಪಿದಳೆಂದೇ ಅರ್ಥ. ಹೀಗೆ ಸೋಮವಾರದಿಂದ ಬುಧವಾರದವರೆಗೆ ಬಳ್ಳಾರಿ ಬಸ್ಸು, ಗುರುವಾರದಿಂದ ಶನಿವಾರದವರೆಗೆ ಸಿರುಗುಪ್ಪದ ಒಂದು ರೈಸ್ ಮಿಲ್ಲು. ಮಿಲ್ಲಿನ ದಿನಗಳಲ್ಲಿ ತೆಕ್ಕಲಕೋಟೆಯ ಚಿಕ್ಕಮ್ಮನ ಮನೆಯಲ್ಲಿ ಊಟ, ನಿದ್ದೆ. ಬ್ಯಾಗಿನ ಒಂದು ಕಡೆ ನೋಟ್‌ಬುಕ್ಕು, ಇನ್ನೊಂದು ಕಡೆ ಮಿಲ್ಲಿನ ನೀಲಿ ಕೋಟು. ಬಸ್ಸಿನಲ್ಲಿ ನಿಂತೇ ಓದುವುದು ಮೊದಲ ತಿಂಗಳಲ್ಲೇ ರೂಢಿಯಾಯಿತು. ಕಂಡಕ್ಟರ್ ಪರೀಕ್ಷೆಯ ವಾರ ತಾನೇ ಸೀಟು ಹುಡುಕಿಕೊಡುತ್ತಿದ್ದ.

ಮಿಲ್ಲಿನಲ್ಲಿ ನನ್ನದು ತೇವ ಅಳೆಯುವ ಕೆಲಸ. ಹಬೆಯಲ್ಲಿ ಬೇಯಿಸಿದ ಭತ್ತವನ್ನು ಸಿಮೆಂಟಿನ ದೊಡ್ಡ ಕಣದಲ್ಲಿ ಹರವುತ್ತಾರೆ. ಹೆಂಗಸರ ಗುಂಪೊಂದು ಬರಿಗಾಲಲ್ಲಿ ಅದರೊಳಗೆ ನಡೆದು, ಪಾದದಿಂದಲೇ ಸಾಲು ಎಳೆದು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಾ ಒಣಗಿಸುತ್ತದೆ. ತೇವ ನೂರಕ್ಕೆ ಹದಿನಾಲ್ಕಕ್ಕೆ ಇಳಿದಾಗ ಎತ್ತಬೇಕು. ಬೇಗ ಎತ್ತಿದರೆ ಮುಗ್ಗಲು, ತಡವಾದರೆ ಕಾಳು ಸೀಳುಬಿಟ್ಟು ಯಂತ್ರದಲ್ಲಿ ನುಚ್ಚಾಗುತ್ತದೆ. ನನ್ನ ಕೈಗೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಮೀಟರ್ ಕೊಟ್ಟಿದ್ದರು. ಒಂದು ಹಿಡಿ ಭತ್ತ ಹಾಕಿ ಗುಂಡಿ ಒತ್ತಿದರೆ ಅಂಕಿ ಬರುತ್ತಿತ್ತು. ಅದನ್ನು ಹಿಡಿದುಕೊಂಡು ಕಣದ ಅಂಚಿನಲ್ಲಿ ನಿಂತಾಗ ನನ್ನ ಕುತ್ತಿಗೆ ತಾನಾಗಿಯೇ ಸೆಟೆದುಕೊಳ್ಳುತ್ತಿತ್ತು.

ಗುಂಪಿನ ಮುಂದಾಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಮಿಲ್ಲು ಕಟ್ಟಿದಾಗಿನಿಂದ ಆ ಕಣ ತುಳಿದವಳು. ನನಗೆ ಕಾಲೇಜಮ್ಮ ಅಂತ ಹೆಸರಿಟ್ಟವಳೂ ಅವಳೇ.

ಏಪ್ರಿಲ್‌ನ ಒಂದು ಶುಕ್ರವಾರ, ನಡುಮಧ್ಯಾಹ್ನ. ದೊಡ್ಡಮ್ಮ ಸಾಲಿನ ನಡುವೆ ನಿಂತು, ಕಾಲ ಹೆಬ್ಬೆರಳಿಂದ ಎರಡು ಸಲ ಭತ್ತ ಕೆದಕಿ, "ಆತು. ನೆಲ್ಲು ಎತ್ರಿ" ಅಂದಳು. ಭತ್ತಕ್ಕೆ ನಮ್ಮ ಕಡೆ ನೆಲ್ಲು ಅಂತಲೇ ಅನ್ನುವುದು. ನಾನು ಓಡಿಹೋಗಿ ಕಣದಿಂದ ಒಂದು ಹಿಡಿ ಬಾಚಿ ಮೀಟರಿಗೆ ಹಾಕಿದೆ. ಹದಿನಾರು.

"ಇನ್ನೂ ಹಸಿ ಐತಿ. ಎತ್ತಬ್ಯಾಡ್ರಿ" ಅಂದೆ.

"ಕಾಲಿಗೆ ಗೊತ್ತಾಗತೈತವ್ವ."

"ಕಾಲಿಗೆ ಅಂಕಿ ಬರ್ತಾವೇನು?"

ಹೆಂಗಸರು ನಕ್ಕರು. ದೊಡ್ಡಮ್ಮ ನಗಲಿಲ್ಲ. ನೀಲಿ ಕೋಟಿನವಳ ಮಾತು ಮೀರುವಂತಿರಲಿಲ್ಲ, ನೆರಳಿಗೆ ಹೋಗಿ ಕುಳಿತಳು. ಭತ್ತ ಇನ್ನೂ ಒಂದು ತಾಸು ಆ ಬೆಂಕಿ ಬಿಸಿಲಲ್ಲಿ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಅದು ಯಂತ್ರಕ್ಕೆ ಹೋಯಿತು. ಹೊರಗೆ ಬಂದದ್ದರಲ್ಲಿ ಅಕ್ಕಿಗಿಂತ ನುಚ್ಚೇ ಹೆಚ್ಚು. ಮಿಲ್ಲಿನ ಮ್ಯಾನೇಜರ್ ಬೊಗಸೆಯಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲೆ ಸುರುವಿದರು. ಏನನ್ನೂ ಕೇಳಲಿಲ್ಲ. ಶನಿವಾರವಾಗಿತ್ತು. ಪ್ರತಿ ಶನಿವಾರ ಕಾಲೇಜಿನ ದಿನಚರಿ ಪುಸ್ತಕದಲ್ಲಿ ವಾರದ ಕೆಲಸ ಬರೆದು ಅವರ ಸಹಿ ಪಡೆಯಬೇಕಿತ್ತು. ವರ್ಷದ ಕೊನೆಗೆ ಅದೇ ಪುಸ್ತಕ ನೋಡಿ ಅಂಕ.

ಇಲ್ಲಿ ನಾನು ಮಾಡಿದ್ದನ್ನು ಬಣ್ಣ ಕಟ್ಟದೆ ಹೇಳಿಬಿಡುತ್ತೇನೆ. "ಕಣದ ಹೆಂಗಸರು ಭತ್ತ ಎತ್ತುವುದರಲ್ಲಿ ತಡಮಾಡಿದ್ದರಿಂದ ನುಚ್ಚಿನ ಪ್ರಮಾಣ ಹೆಚ್ಚಾಯಿತು" ಎಂದು ಬರೆದೆ. ಅಕ್ಷರ ದುಂಡಗಿದ್ದವು. ಮ್ಯಾನೇಜರ್ ಓದಿದರು, ಸಹಿ ಹಾಕಿದರು. "ಆ ಗುಂಪು ಇನ್ನ ಬ್ಯಾಡ" ಅಂದರು.

ಮೀಟರ್ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಮಾತ್ರ ಆಗಲೂ ಗಟ್ಟಿಯಾಗಿತ್ತು. ಹದಿನಾರು ಇದ್ದ ಭತ್ತ ಒಂದೇ ತಾಸಿಗೆ ಅಷ್ಟು ಹೇಗೆ ಒಣಗಿತು? ಸೋಮವಾರ ಕಾಲೇಜಿನಲ್ಲಿ ನಮ್ಮ ಮೇಷ್ಟ್ರನ್ನು ಕೇಳಿದೆ.

"ಸ್ಯಾಂಪಲ್ ತಣ್ಣಗಾಗೋಕೆ ಬಿಟ್ಟಿದ್ಯಾ?"

ಬಿಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ನಾವು ಅಳೆಯುತ್ತಿದ್ದದ್ದು ಕಪಾಟಿನ ಬಾಟಲಿಗಳಲ್ಲಿ ಫ್ಯಾನಿನ ಕೆಳಗೆ ತಣ್ಣಗಿದ್ದ ಭತ್ತ. ಬಿಸಿಲಲ್ಲಿ ಕಾದ ಭತ್ತವನ್ನು ನಾವ್ಯಾರೂ ಆ ಮೀಟರಿಗೆ ಹಾಕಿ ನೋಡಿರಲೇ ಇಲ್ಲ. ಕಾಳು ಬಿಸಿಯಿದ್ದರೆ ಅಂತಹ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೇವ ತೋರಿಸುತ್ತದಂತೆ. ಕೈಪಿಡಿಯಲ್ಲೂ ಬರೆದಿತ್ತು, ಆರನೇ ಪುಟದಲ್ಲಿ. ನಾನು ಗುಂಡಿ ಒತ್ತುವುದು ಹೇಗೆ ಎಂಬಲ್ಲಿಯವರೆಗೆ ಓದಿ ಮುಚ್ಚಿಟ್ಟಿದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಆ ಒಕ್ಕಾಲೂ ಪೂರ್ತಿ ಇರಲಿಲ್ಲ.

ಗುರುವಾರ ಮಿಲ್ಲಿಗೆ ಹೋದರೆ ಕಣದಲ್ಲಿ ಬೇರೆ ಗುಂಪು. ನನ್ನನ್ನು ಯಾರೂ ಕಾಲೇಜಮ್ಮ ಅನ್ನಲಿಲ್ಲ. ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಹೇಳಿದರೆ ವರ್ಷ ಹೋದೀತು. ಹೇಳದಿದ್ದರೆ ದೊಡ್ಡಮ್ಮನ ಕಣ ಹೋಯಿತು. ಅರ್ಧ ದಿನ ಮೀಟರ್ ಒರೆಸುತ್ತಾ ಕುಳಿತೆ. ಮಧ್ಯಾಹ್ನ ಎದ್ದು ಮ್ಯಾನೇಜರ್ ಕೋಣೆಗೆ ಹೋದೆ. ತಪ್ಪೊಪ್ಪಿಕೊಳ್ಳುವಾಗಲೂ ನನ್ನ ದನಿ ಜಗಳಕ್ಕೆ ಬಂದವಳ ಹಾಗೇ ಇತ್ತು.

"ಅವ್ರು ಎತ್ತೀವಿ ಅಂದಿದ್ರು ಸರ್. ನಾನ ಬ್ಯಾಡ ಅಂದೆ. ಪುಸ್ತಕದಾಗ ಬರದಿದ್ದು ಸುಳ್ಳು."

ಅವರು ಕನ್ನಡಕ ತೆಗೆದರು. "ಕಾಲೇಜಿನೋರು ನಿನ್ನ ಫೇಲ್ ಮಾಡಬಹುದು."

"ಮಾಡ್ಲಿ."

ಹೇಳಿದ್ದೇ ತಡ ಕಣ್ಣಲ್ಲಿ ನೀರು ಬಂತು. ಪುಸ್ತಕದ ಪುಟಗಳಿಗೆಲ್ಲ ಕಾಲೇಜಿನ ಮೊಹರು, ಹರಿಯುವಂತಿಲ್ಲ. ಅದೇ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಮ್ಯಾನೇಜರ್ ಅದಕ್ಕೂ ಸಹಿ ಹಾಕಿದರು. "ಹೋಗು, ನೀನ ಕರಕೊಂಡು ಬಾ ಅವ್ರನ್ನ" ಅಂದರು.

ಕಾಲುವೆಯ ಪಕ್ಕದ ಓಣಿಯಲ್ಲಿ ದೊಡ್ಡಮ್ಮ ಬಾಗಿಲಲ್ಲಿ ಕುಳಿತು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಬರೆದ ಸುಳ್ಳನ್ನೂ ಬಿಡದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿದ ಮೇಲೆ ತಲೆ ಎತ್ತಿದಳು.

"ನಾವು ಏಳು ಮಂದಿ ಐದು ದಿನ ಮನ್ಯಾಗ ಕುಂತೇವಿ. ಕ್ಷಮಾ ಕೇಳಿದ್ರ ಆ ದಿನ ವಾಪಸ್ ಬರ್ತಾವೇನು?"

"ಇಲ್ಲ."

"ನಾಳೆ ಬರ್ತೀವಿ. ನೀನು ಚಪ್ಪಲಿ ಬಿಚ್ಚಿ ನಮ್ಮ ಜೋಡಿ ಇಳೀಬೇಕು."

ಎರಡು ವಾರ ಇಳಿದೆ. ಮೊದಲ ದಿನವೇ ಅಂಗಾಲಲ್ಲಿ ಬೊಬ್ಬೆ ಎದ್ದವು. ಚಿಕ್ಕಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಡಿಗ್ರಿ ಕಾಲಿಗೆ ಕೊಡ್ತಾರೇನಲೇ?" ಅಂದಳು. ನಾಲ್ಕನೇ ದಿನದ ಹೊತ್ತಿಗೆ ಗೊತ್ತಾಗತೊಡಗಿತು. ಹಸಿ ಭತ್ತ ಬೆರಳ ಸಂದಿಗೆ ಅಂಟುತ್ತದೆ. ಅರ್ಧ ಒಣಗಿದ್ದು ಪಾದದ ಮೇಲೆ ಭಾರವಾಗಿ ಕೂರುತ್ತದೆ. ಹದಕ್ಕೆ ಬಂದದ್ದು ಸರಸರ ಸದ್ದು ಮಾಡಿ ಜಾರಿಹೋಗುತ್ತದೆ, ಕಾಲ ಮೇಲೆ ಒಂದು ಕಾಳೂ ನಿಲ್ಲುವುದಿಲ್ಲ. ಅದು ಮೊದಲ ಸಲ ತಿಳಿದಾಗ ನಾನು ಕಣದ ನಡುವೆ ನಿಂತು ಕೂಗಿದೆ. ಅಷ್ಟು ಖುಷಿ ನನಗೆ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಆಗಿರಲಿಲ್ಲ.

ಮೀಟರನ್ನೂ ಬಿಡಲಿಲ್ಲ. ದೊಡ್ಡಮ್ಮ "ಆತು" ಅಂದಾಗಲೆಲ್ಲ ಒಂದು ಹಿಡಿ ಭತ್ತವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ನೆರಳಲ್ಲಿಟ್ಟು, ಪೂರ್ತಿ ತಣ್ಣಗಾದ ಮೇಲೆ ಅಳೆದೆ. ಹದಿನಾಲ್ಕು. ಇನ್ನೊಂದು ದಿನ ಹದಿನಾಲ್ಕಕ್ಕೆ ಕೂದಲೆಳೆ ಕಡಿಮೆ. ಮತ್ತೆ ಹದಿನಾಲ್ಕು. ಒಮ್ಮೆ ಮೋಡ ಕವಿದ ದಿನ ಅವಳ ಕಾಲು ತಪ್ಪಿತು. ನಾನು ಅಂಕಿ ತೋರಿಸಿದೆ. "ಹೌದಲ್ಲ" ಅಂದು ಮತ್ತೆ ಹರವಿಸಿದಳು. ಅವಳಿಗೆ ಅದರಿಂದ ಏನೂ ಅವಮಾನವಾಗಲಿಲ್ಲ. ಅದನ್ನೂ ನಾನು ಕಲಿಯಬೇಕಿತ್ತು. ಈ ಅಂಕಿಗಳೇ ನನ್ನ ವರ್ಷದ ಪ್ರಾಜೆಕ್ಟ್ ಆದವು.

ಕಾಲೇಜಿನಲ್ಲಿ ಕೆಂಪು ಶಾಯಿಯ ಪುಟಕ್ಕೆ ಅಂಕ ಕತ್ತರಿಸಿದರು, ಬೈದರು. ಆದರೆ ಫೇಲ್ ಮಾಡಲಿಲ್ಲ. ಪ್ರಾಜೆಕ್ಟ್ ಓದಿದ ಮೇಷ್ಟ್ರು ಮುಂದಿನ ಬ್ಯಾಚಿಗೆ ಬಿಸಿ ಭತ್ತವನ್ನೂ ಅಳೆಸಬೇಕು ಅಂದರು. ಉಳಿದದ್ದು ಒಂದೇ ಅರ್ಜಿ: ಕೆಲಸ ಕಲಿಸಿದವರ ಅಭಿಪ್ರಾಯ ಮತ್ತು ಸಹಿ. ಮ್ಯಾನೇಜರ್ ಮುಂದಿಟ್ಟರೆ ಅವರು ಅದನ್ನು ಹಿಂದಕ್ಕೆ ತಳ್ಳಿದರು. "ನಾನೇನು ಕಲಿಸೀನಿ? ಕಲಿಸಿದೋರ ಹತ್ರ ಹೋಗು. ಕೆಳಗ ನಾನು ಮೊಹರು ಒತ್ತತೀನಿ."

ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಒಂದು ಇಂಕ್ ಪ್ಯಾಡ್ ಕೊಂಡೆ. ಕಣದ ನೆರಳಿನಲ್ಲಿ ಅರ್ಜಿ ಹರವಿ, ಪ್ಯಾಡಿನ ಮುಚ್ಚಳ ತೆಗೆದು ದೊಡ್ಡಮ್ಮನ ಮುಂದೆ ಹಿಡಿದೆ. ಎಷ್ಟು ಮುತುವರ್ಜಿ ನನ್ನದು ಅಂತ ಒಳಗೊಳಗೇ ಹೆಮ್ಮೆ ಬೇರೆ.

ಅವಳು ಪ್ಯಾಡ್ ನೋಡಿದಳು, ನನ್ನನ್ನು ನೋಡಿದಳು. ನನ್ನ ಕೋಟಿನ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ತವರು ಗಡಿಯಾಚೆಯ ಹಳ್ಳಿ, ಅಲ್ಲಿ ಏಳನೆಯವರೆಗೆ ಸಾಲಿ ಕಲಿತಿದ್ದಳಂತೆ. ದುಂಡನೆಯ ತೆಲುಗು ಅಕ್ಷರಗಳಲ್ಲಿ, ನನ್ನದಕ್ಕಿಂತ ಚೆಂದವಾಗಿ ತನ್ನ ಹೆಸರು ಬರೆದಳು.

"ಕೇಳಿದ್ದೇನು ನನ್ನ, ಓದಾಕ ಬರತೈತೋ ಇಲ್ಲೋ ಅಂತ?"

ಕೇಳಿರಲಿಲ್ಲ. ಒಂದು ವರ್ಷ ಜೊತೆಗಿದ್ದೂ ಕೇಳಿರಲಿಲ್ಲ. ಪ್ಯಾಡಿನ ಮುಚ್ಚಳ ಹಾಕಿ ಬ್ಯಾಗಿನ ತಳಕ್ಕೆ ತುರುಕಿದೆ.

"ಅಭಿಪ್ರಾಯ ಅನ್ನೋದು ಖಾಲಿ ಐತಲ್ಲ" ಅಂದಳು ಅರ್ಜಿ ನೋಡುತ್ತಾ. "ಕನ್ನಡದಾಗ ನೀನ ಬರಿ, ನಾನು ಹೇಳ್ತೀನಿ. ಹುಡುಗಿ ಇನ್ನೂ ಬಿಸಿ ಅದಾಳ. ಸ್ವಲ್ಪ ತಣ್ಣಗಾದ ಮ್ಯಾಲ ಅಳದು ನೋಡ್ರಿ, ಚಲೋ ಅದಾಳ."

ಒಂದಕ್ಷರವನ್ನೂ ತಿದ್ದದೆ ಬರೆದೆ.