ಒಂದು ಚೀಟಿ, ಹನ್ನೆರಡು ಜನರ ನರ

ಶ್ರೀಪಾಲ ಚೌಗುಲೆ ಒಂದು ದಿನ ಶಟರ್ ಎತ್ತದಿದ್ದರೆ ಅರ್ಧ ದೇಶ ಬರಿಮೈಯಲ್ಲಿ ಓಡಾಡಬೇಕಾಗುತ್ತದೆ. ಲೆಕ್ಕ ಅವರದೇ: ಅವರ ಗುಳಿಗೆಯಿಲ್ಲದೆ ಇಚಲಕರಂಜಿಯ ನೇಕಾರನ ಕಾಲು ನಿಲ್ಲದು, ಕಾಲು ನಿಲ್ಲದೆ ಮಗ್ಗ ಓಡದು, ಮಗ್ಗ ಓಡದೆ ಬಟ್ಟೆಯೆಲ್ಲಿ?

ಬೆಳಗಿನ ಆರೂವರೆ. ರಾತ್ರಿ ಪಾಳಿ ಮುಗಿಸಿದವರು ತಲೆತುಂಬ ಹತ್ತಿಯ ನವಿರು ಹೊತ್ತು ಸೈಕಲ್ ತಳ್ಳುತ್ತ ಬರುತ್ತಾರೆ. ಮೆಡಿಕಲ್ ಅಂಗಡಿಯ ಮುಂದೆ ಹತ್ತಿಪ್ಪತ್ತು ಜನ. ಶ್ರೀಪಾಲರ ಬಾಯಲ್ಲಿ ಅದು ನಾಲ್ಕು ಸಾವಿರ. ಬಹುತೇಕರಿಗೆ ಬೇಕಾದದ್ದು ನರನೋವಿನ ಗುಳಿಗೆ: ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್.

ಶ್ರೀಪಾಲರ ತಲೆ ಕೆಡಿಸುವುದು ನೋವಲ್ಲ, ಚೀಟಿ. ಪಾಳಿ ಬದಲಾಗುವಾಗ ಇಳಿಯುವವನು ಹತ್ತುವವನಿಗೆ ಮಗ್ಗ ಒಪ್ಪಿಸುತ್ತಾನೆ, ತಂಬಾಕಿನ ಡಬ್ಬಿ ಒಪ್ಪಿಸುತ್ತಾನೆ, ಜೊತೆಗೆ ಡಾಕ್ಟರರ ಚೀಟಿಯನ್ನೂ.

“ನೇಕಾರ ಬಸಗೊಂಡನ ಒಂದ ಚೀಟಿ ಈ ತಿಂಗಳದಾಗ ಹನ್ನೆರಡು ಮಂದಿ ತಂದಾರ್ರಿ. ಅದರಾಗ ಒಬ್ಬಾಕಿ ಬಸುರಿ. ಚೀಟಿ ಮ್ಯಾಲ ವಯಸ್ಸು ಅರವತ್ತೊಂದು. ಆತಾ ಕಾಯ್ ಸಾಂಗೂ, ಏನಂತ ಹೇಳಲಿ ಇವರಿಗೆ?”

ಕೋವಾಡದಲ್ಲಿ ಹುಟ್ಟಿ, ಗಡಹಿಂಗ್ಲಜದಲ್ಲಿ ಫಾರ್ಮಸಿ ಕಲಿತು, ಇಪ್ಪತ್ತೆರಡು ವರ್ಷದಿಂದ ಇದೇ ಕೌಂಟರಿನ ಹಿಂದೆ ನಿಂತವರು. ಕಿಡ್ನಿ ಸರಿಯಿಲ್ಲದವನಿಗೆ ಪ್ರಮಾಣ ಬೇರೆ, ಕುಡಿದು ನುಂಗಬಾರದು, ನೋವು ಇಳಿಯಿತೆಂದು ಒಮ್ಮೆಲೇ ನಿಲ್ಲಿಸಬಾರದು: ದಿನಕ್ಕೆ ಮುನ್ನೂರು ಸಲ ಹೇಳುತ್ತಾರೆ. ಪತ್ನಿ ಜಿನಮತಿಯವರ ದೂರು ಬೇರೆ. “ನಿದ್ದ್ಯಾಗೂ ‘ಒಮ್ಮೆಲೇ ಬಿಡಬ್ಯಾಡ್ರಿ’ ಅಂತಾರ. ನನಗೋ ಗುಳಿಗಿಗೋ ತಿಳಿಯೂದಿಲ್ಲ.”

ಅಷ್ಟರಲ್ಲಿ ನೂಲು ಸುತ್ತುವ ಮಷೀನಿನ ಶೆವಂತಾ ಅದೇ ಬಸಗೊಂಡನ ಚೀಟಿ ಚಾಚುತ್ತಾರೆ. ಸಕ್ಕರೆ ಕಾಯಿಲೆ, ಮೂರು ವಾರದಿಂದ ಅಂಗಾಲು ಉರಿಯುತ್ತಿದೆ.

“ಇದು ನಿಮ್ಮ ಹೆಸರಿನದಲ್ಲಕ್ಕಾ.”

“ಅವನ ಕಾಲೂ ಕಾಲ, ನನ್ನ ಕಾಲೂ ಕಾಲ ಅಲ್ಲೇನ್ರಿ ಶ್ರೀಪಾಲಣ್ಣ?”

“ಒಂಬತ್ತಕ್ಕ ದವಾಖಾನಿ ತೆರೀತದ. ತೋರಿಸಿ ಬರ್ರಿ.”

“ಏಳಕ್ಕ ನಾ ನಿಲ್ಲಲಿಲ್ಲಂದ್ರ ನನ್ನ ಮಷೀನ್ ಮುಂದ ಬ್ಯಾರೆದಾಕಿ ನಿಂತಿರ್ತಾಳ. ಕೆಲಸ ಹೋತು ಅಂತ ತಿಳೀರಿ. ಎರಡ ಗುಳಿಗಿ ಕೊಡ್ರಿ ಸಾಕು.”

“ಇಪ್ಪತ್ತೆರಡು ವರ್ಷದಾಗ ಚೀಟಿ ಇಲ್ಲದ ಒಂದ ಗುಳಿಗಿ ಈ ಕೈಯಿಂದ ಹೋಗಿಲ್ಲ. ಮಂತ್ರಿನ್ನೂ ವಾಪಸ್ ಕಳಿಸೇನಿ.”

“ನಮ್ಮ ಮೈದುನ ಲಖನ್‌ಗ ಹೋದ ವರ್ಷ ಕೊಟ್ಟಿದ್ರಲ್ಲ? ಅವನ ಕಿಸೆದಾಗ ನಿಮ್ಮ ಅಂಗಡಿ ಪಾಕೀಟು ನಾನ ನೋಡೇನಿ.”

ಶ್ರೀಪಾಲರು ಕೌಂಟರಿನ ಹಲಗೆ ಎತ್ತಿ ಹೊರಬಂದು ಆಕೆಗೆ ಸ್ಟೂಲು ಹಾಕುತ್ತಾರೆ.

“ಕೂಡ್ರಿ. ನಿಮ್ಮ ಮಾಲಕಗ ನಾನ ಫೋನ್ ಮಾಡ್ತೇನಿ, ಒಂಬತ್ತಕ್ಕ ನನ್ನ ಗಾಡಿ ಮ್ಯಾಲ ದವಾಖಾನಿಗೆ ಹೋಗೂಣು.” ಧ್ವನಿ ತಗ್ಗುತ್ತದೆ. “ಕೊಟ್ಟಿದ್ದೆ ಅಕ್ಕಾ. ಆ ಗುಳಿಗಿ ನುಂಗಿದ್ರ ನಿದ್ದಿ ಎಳೀತದ, ರಾತ್ರಿ ಪಾಳಿ ಐತೇನು ಅಂತ ಕೇಳಲಿಲ್ಲ. ಮಗ್ಗದ ಮುಂದ ತೂಕಡಿಸಿ ಬೆರಳಿನ ತುದಿ ಕಳಕೊಂಡ. ನಿಮಗೆಲ್ಲ ಮಷೀನ್ ಕೆಟ್ಟಿತ್ತು ಅಂದಾನ. ನನ್ನ ಹೆಸರು ಇವತ್ತಿನ ತನಕ ಹೇಳಿಲ್ಲ ಅವ.”