ಹಿತ್ತಲ ದಿಬ್ಬದ ಮಣ್ಣು

2024ರ ಅಕ್ಟೋಬರ್ 12, ಶನಿವಾರ. ನೋಡಿದ ಆಕರ: ನಮ್ಮ ಕೌಂಟಿಯ ಹಳೆಯ ವೈಮಾನಿಕ ಛಾಯಾಚಿತ್ರ, ಗ್ರಂಥಾಲಯದ ಪ್ರತಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಇಸವಿಯ ಕೊನೆಯ ಅಂಕಿ ಅಳಿಸಿಹೋಗಿದೆ. ನಲವತ್ತರ ದಶಕ ಎಂಬುದಕ್ಕಿಂತ ಹೆಚ್ಚಿನದನ್ನು ಖಚಿತವಾಗಿ ಹೇಳಲಾರೆ. ರೈಲು ಹಳಿ ಮತ್ತು ತೊರೆಯ ತಿರುವನ್ನು ಹಿಡಿದು ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಯ ಜಾಗವನ್ನು ಗುರುತಿಸಿ ಅದರ ಮೇಲೆ ಭೂತಗನ್ನಡಿ ಇಟ್ಟೆ. ಮೆಕ್ಕೆಜೋಳದ ಹೊಲ ಕಾಣುವುದೆಂದುಕೊಂಡಿದ್ದೆ. ಕಂಡದ್ದು ಚುಕ್ಕಿಗಳು. ಸಮಾನ ಅಂತರದಲ್ಲಿ, ಸಾಲು ಸಾಲಾಗಿ, ಪ್ರತಿಯೊಂದರ ಪಕ್ಕದಲ್ಲೂ ಒಂದೇ ದಿಕ್ಕಿಗೆ ಬಿದ್ದ ಪುಟ್ಟ ನೆರಳು. ಹಿಂದಿನ ವಾರ ಬೇಲಿ ಅಳೆಯಲು ಬಂದಿದ್ದ ಸರ್ವೇಯರ್ ಮಾತಿನ ನಡುವೆ ಹೇಳಿದ್ದು ನಿಜವಾಗಿತ್ತು. ಜೋಳಕ್ಕೂ ಮೊದಲು ಇಲ್ಲಿ ಸೇಬಿನ ತೋಟವಿತ್ತು.

ನನ್ನ ವೃತ್ತಿಜೀವನವೆಲ್ಲ ಕಳೆದದ್ದು ಒಂದೇ ಪ್ರಶ್ನೆಯ ಬೆನ್ನು ಹತ್ತಿ: ಕಾಡಾಗಿದ್ದ ಮಣ್ಣು ತೋಟವಾದಾಗ, ಉಳುಮೆಗೆ ಸಿಕ್ಕಾಗ, ಕೊನೆಗೆ ಮನೆಯ ಮುಂದಿನ ಹುಲ್ಲುಹಾಸಾದಾಗ ಏನಾಗುತ್ತದೆ. ಕಾಡಿನ ಕಪ್ಪು ಪದರ ನೇಗಿಲಿಗೆ ಸಿಕ್ಕರೆ ಬೇಗ ತೆಳುವಾಗುತ್ತದೆ; ಹುಲ್ಲು ಬೆಳೆಸಿದರೆ ಕಪ್ಪು ನಿಧಾನವಾಗಿ ಮರಳುತ್ತದೆ. ಹಾಗೆ ಮರಳಿದ್ದನ್ನು ಚೇತರಿಸಿಕೊಂಡ ಮಣ್ಣು ಎಂದು ನಾನೇ ಬರೆದಿದ್ದೇನೆ. ಆದರೆ ಆ ಕಾಲದ ಸೇಬಿನ ತೋಟಗಳಲ್ಲಿ ಹುಳುವಿಗೆಂದು ಸಿಂಪಡಿಸುತ್ತಿದ್ದ ಸೀಸ ಮತ್ತು ಆರ್ಸೆನಿಕ್ ಕೂಡಿದ ಔಷಧ ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ಇಳಿದುಹೋಗುವುದೂ ಇಲ್ಲ. ಮರ ಕಡಿದು ಜೋಳ ಬಿತ್ತಿದರೂ, ಜೋಳ ತೆಗೆದು ಮನೆ ಕಟ್ಟಿದರೂ, ಬಹುಪಾಲು ಮೇಲಿನ ಒಂದು ಗೇಣಿನಲ್ಲೇ ಉಳಿಯುತ್ತದೆ. ನಮ್ಮ ಮನೆ ಕಟ್ಟಿದವರು ಆ ಗೇಣು ಮಣ್ಣನ್ನು ಬುಲ್ಡೋಜರಿನಿಂದ ಕೆರೆದು ಹಿತ್ತಲ ಮೂಲೆಗೆ ತಳ್ಳಿ ಬಿಟ್ಟಿದ್ದರು. 1989ರಲ್ಲಿ ನಾವು ಬಂದಾಗಲೇ ಅಲ್ಲಿ ಆಳೆತ್ತರದ ದಿಬ್ಬವಿತ್ತು, ಅದರ ಮೇಲೆ ದಟ್ಟ ಹಸಿರು.

ಆ ದಿಬ್ಬದ ಮಣ್ಣಿನಿಂದಲೇ ನನ್ನ ಹೆಂಡತಿ ಪ್ರತಿ ಚೌತಿಗೆ ಗಣಪನನ್ನು ಮಾಡುತ್ತಿದ್ದಳು. ಹತ್ತಿರದ ಎಡಿಸನ್ ಊರಿನ ಭಾರತೀಯ ಅಂಗಡಿಗಳಲ್ಲಿ ಬಣ್ಣದ ಗಣಪ ಸಿಗತೊಡಗಿದ ಮೇಲೂ ಅವಳು ಬಿಡಲಿಲ್ಲ. ಎಲ್ಲಿ ಅಗೆಯಬೇಕೆಂದು ತೋರಿಸಿದವನು ನಾನು. ಒಂದು ಚಿಟಿಕೆಯನ್ನು ಒದ್ದೆ ಮಾಡಿ ಬೆರಳುಗಳ ನಡುವೆ ತೀಡಿ, ಗಣಪನಿಗೆ ಸಾಕಾಗುವಷ್ಟು ಜಿಗುಟಿದೆ ಎಂದು ತೀರ್ಪು ಕೊಟ್ಟಿದ್ದೆ. ಬೇರು, ಕಲ್ಲು ಆರಿಸಿ, ಜರಡಿ ಹಿಡಿದು, ನೀರು ಚಿಮುಕಿಸಿ ನಾದುವುದು ದೊಡ್ಡವರ ಕೆಲಸ. ಇಲಿಯನ್ನು ಮಾಡುವುದು ಮಗಳ ಪಾಲು. ಪೂಜೆ ಮುಗಿದ ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿ, ಕರಗಿದ ಮಣ್ಣನ್ನು ಮೆಂತ್ಯದ ಪಾತಿಗೆ ಸುರಿಯುತ್ತಿದ್ದೆವು. ವರ್ಷ ವರ್ಷ ದಿಬ್ಬ ಕೊಂಚ ಕೊಂಚ ತಗ್ಗಿತು, ಪಾತಿ ಏರಿತು. ಮೆಂತ್ಯ ಸೊಂಪಾಗಿ ಬರುತ್ತಿತ್ತು. ಅನುಮಾನ ಹುಟ್ಟಿಸುವಂಥದ್ದು ಕಣ್ಣಿಗೆ ಏನೂ ಕಾಣಲಿಲ್ಲ.

ಈ ಸಲದ ಚೌತಿ ಸೆಪ್ಟೆಂಬರ್ 7ರಂದು, ಶನಿವಾರ. ಪಂಚಾಂಗವನ್ನೂ ಫೋನಿನಲ್ಲಿರುವ ಚಿತ್ರಗಳನ್ನೂ ತಾಳೆ ನೋಡಿದ್ದೇನೆ. ಇಲಿಯನ್ನು ಮಾಡಿದವಳು ಮೊಮ್ಮಗಳು, ನಾಲ್ಕು ವರ್ಷದವಳು. ಬಾಲ ನಿಲ್ಲದಿದ್ದಾಗ ಅದನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸಿದಳು. ನಾವೆಲ್ಲ ನಕ್ಕೆವು. ಅದೇ ಕೈಯಲ್ಲಿ ಕಡುಬು ತಿಂದಳು.

ಛಾಯಾಚಿತ್ರ ನೋಡಿದ ಮರುದಿನ ದಿಬ್ಬದಿಂದಲೂ ಪಾತಿಯಿಂದಲೂ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದೆ. ವರದಿಯಲ್ಲಿ ಸೀಸವೂ ಆರ್ಸೆನಿಕ್ಕೂ ಮನೆಯ ಅಂಗಳಕ್ಕೆ ಒಪ್ಪುವ ಮಿತಿಯನ್ನು ಮೀರಿದ್ದವು. ದಿಬ್ಬಕ್ಕಿಂತ ಪಾತಿ ಸ್ವಲ್ಪವೇ ಕಡಿಮೆ. ಅದನ್ನು ಓದಿದ ದಿನವೇ ಮಗಳನ್ನು ಕರೆದೆ. ಅವಳು ಎಡಿಸನ್‌ನಿಂದ ಡ್ರೈವ್ ಮಾಡಿಕೊಂಡು ಬಂದು, ಕೋಟನ್ನೂ ಬಿಚ್ಚದೆ ಅಡುಗೆಮನೆಯ ಮೇಜಿನ ಬಳಿ ನಿಂತೇ ಕೇಳಿಸಿಕೊಂಡಳು. ಮಗುವಿನ ರಕ್ತಪರೀಕ್ಷೆಗೆ ಅಲ್ಲಿಂದಲೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪ, ನಿಮಗೆ ಯಾವಾಗ ಗೊತ್ತಾಯ್ತು? ಐ ನೀಡ್ ದ ಡೇಟ್. ನಮ್ಮ ಫಸ್ಟ್ ಟೋಸ್ಟರ್ ಯಾವತ್ತು ತಗೊಂಡ್ವಿ ಅಂತಾನೂ ಬರೆದಿಟ್ಟಿದೀರ, ಇದು ಇರಲ್ವಾ?"

ಇದ್ದದ್ದನ್ನು ಹೇಳಿದೆ. ಹಿಂದೊಮ್ಮೆ ಹುಲ್ಲುಹಾಸುಗಳ ಅಧ್ಯಯನಕ್ಕೆಂದು ನಮ್ಮ ಹಿತ್ತಲ ಮಣ್ಣನ್ನೂ ಪರೀಕ್ಷಿಸಿದ್ದೆ, ಸೀಸದ ಅಂಕಿ ಹೆಚ್ಚು ಬಂದಿತ್ತು, ಏನೋ ತಪ್ಪಾಗಿದೆ ಎಂದು ಬಿಟ್ಟಿದ್ದೆ. ಅದು ಅವಳು ಕಾಲೇಜಿಗೆ ಹೊರಟುಹೋದ ಮೇಲಿನ ಮಾತು, 2005 ಅಥವಾ 2006. ಅಂದರೆ ಅವಳು ಇಲಿ ಮಾಡುತ್ತಿದ್ದ ದಿನಗಳಲ್ಲಿ ನನಗೆ ಏನೂ ತಿಳಿದಿರಲಿಲ್ಲ.

ಒಲೆಯ ಬಳಿ ಇದ್ದ ಹೆಂಡತಿ ತಿರುಗದೆ ಹೇಳಿದಳು. "ಇಲ್ಲ ರೀ. ಇವಳಿಗೆ ಆಗ ಮುಂದಿನ ಹಲ್ಲು ಬಿದ್ದಿತ್ತು. ನೀವು ಪುಸ್ತಕ ಹಿಡ್ಕೊಂಡು ಇಲ್ಲಿಗೇ ಬಂದ್ರಿ, ದಿಬ್ಬದ ನಂಬರ್ ಸರಿ ಇಲ್ಲ ಅಂದ್ರಿ."

ದಾಖಲೆಯಿಲ್ಲದ ನೆನಪನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಅವಳು ಅದನ್ನು ಬೇರೆ ಯಾವುದೋ ವರ್ಷದೊಂದಿಗೆ ಬೆರೆಸುತ್ತಿರಬೇಕು ಎಂದೆ. ಮಗಳು ಇಬ್ಬರನ್ನೂ ನೋಡಿದಳು.

"ಆರ್ ಯು ಶೂರ್, ಅಪ್ಪ?"

ಶೂರ್ ಎಂದೆ. ಅವಳು ಕಾರಿನ ಕೀ ತೆಗೆದುಕೊಂಡಳು. ಬಾಗಿಲವರೆಗೆ ಹೋಗಿ, "ಆ ಡೇಟ್ ಡಾಕ್ಟರ್‌ಗೆ ಅಲ್ಲ, ನನಗೆ ಬೇಕು" ಎಂದಳು.

ಅವಳು ಹೋದ ಮೇಲೆ ಬೇಸ್‌ಮೆಂಟಿಗೆ ಇಳಿದೆ. ನಿವೃತ್ತನಾದಾಗ ತಂದಿಟ್ಟ ಪೆಟ್ಟಿಗೆಗಳಲ್ಲಿ, ಮಣ್ಣಿನ ಮಾದರಿಗಳ ವಿವರ ಬರೆದಿಡುತ್ತಿದ್ದ ಕ್ಷೇತ್ರಪುಸ್ತಕಗಳು ಇಸವಿಯ ಕ್ರಮದಲ್ಲೇ ಇದ್ದವು. 2005ರದ್ದನ್ನೂ 2006ರದ್ದನ್ನೂ ಪುಟಪುಟವಾಗಿ ನೋಡಿದೆ. ಹಿತ್ತಲ ಮಾದರಿಯ ಉಲ್ಲೇಖವಿಲ್ಲ. ಹಿಂದೆ ಹಿಂದೆ ಹೋದೆ. ಸಿಕ್ಕಿದ್ದು 1993ರ ಪುಸ್ತಕದಲ್ಲಿ, ಆಗಸ್ಟ್ 24, ಮಂಗಳವಾರದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ: "ಮನೆಯ ಹಿಂದಿನ ದಿಬ್ಬ. ಸೀಸ ವಿಪರೀತ. ಮಾದರಿ ಕೆಟ್ಟಿರಬಹುದು. ಕೋಷ್ಟಕದಿಂದ ಬಿಡುವುದು. ಮತ್ತೊಮ್ಮೆ ತೆಗೆದು ನೋಡಬೇಕು." ಮತ್ತೊಮ್ಮೆ ತೆಗೆದದ್ದಕ್ಕೆ ದಾಖಲೆ ಇಲ್ಲ.

ಆ ವರ್ಷದ ಆಲ್ಬಂ ಪಕ್ಕದ ಕಪಾಟಿನಲ್ಲಿತ್ತು, ಅದರಲ್ಲಿ ಚೌತಿಯ ದಿನದ ಚಿತ್ರ. ಮಗಳಿಗೆ ಆರು ವರ್ಷ. ದಿಬ್ಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಕ್ಯಾಮೆರಾ ಹಿಡಿದ ಅಮ್ಮನತ್ತ ನಗುತ್ತಿದ್ದಾಳೆ. ಮುಂದಿನ ಹಲ್ಲಿಲ್ಲ. ಅವಳ ಪಕ್ಕದಲ್ಲಿ ಜರಡಿ ಹಿಡಿದು ನಿಂತವನು ನಾನು. ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ಮೂಡಿಸಿದ ಕಿತ್ತಳೆ ಅಂಕಿಗಳು, ತಿಂಗಳು ಮೊದಲು: 9 19 '93.